ಮೂರು ಬಾಕ್ಸಿನ ಸೊಸೆ

ಧನುಶ್ರೀಯ ಬಾಯಿಂದ ‘ನಲವತ್ತೈದು’ ಎಂಬ ಮಾತು ಜಾರಿದ್ದು ನಿದ್ದೆಗಣ್ಣಿನಲ್ಲಿ. ಸೋಮವಾರ ಬೆಳಗಿನ ಜಾವ ಅತ್ತೆ ವರಲಕ್ಷ್ಮಮ್ಮ ಕೋಣೆಯ ಬಾಗಿಲಲ್ಲಿ ನಿಂತು, “ನಿನ್ ತೂಕ ಎಷ್ಟಮ್ಮ?” ಎಂದು ಕೇಳಿದಾಗ ಅವಳು ಕನಸಿನಲ್ಲಿ ಬೂರುಗದ ಹತ್ತಿಯ ಎಳೆಯಾಗಿ ಕೈವಾರದ ಬೆಟ್ಟದ ಮೇಲೆ ತೇಲುತ್ತಿದ್ದಳು. ಕನಸಿನಲ್ಲಿ ಅವಳ ತೂಕ ನಲವತ್ತೈದೇ. ಅದನ್ನೇ ಹೇಳಿ ಮಗ್ಗುಲು ಬದಲಿಸಿದಳು. “ಅಷ್ಟೇನಾ?” ಎಂದ ಅತ್ತೆಯ ದನಿ ಯಾಕೋ ಸಪ್ಪಗಿತ್ತು. ಧನುಶ್ರೀ ಆಗಲೇ ಮತ್ತೆ ಬೆಟ್ಟದ ಮೇಲಿದ್ದಳು.

ಪಾಪ, ಅದು ಪೂರ್ತಿ ಸುಳ್ಳೂ ಅಲ್ಲ. ನಾಲ್ಕು ಅಡಿ ಒಂಬತ್ತು ಇಂಚಿನ ಹೆಂಗಸು ಎಷ್ಟು ತೂಗಬೇಕು ಎಂಬ ಪ್ರಶ್ನೆ ಬಹಳ ದಿನಗಳಿಂದ ಅವಳ ತಲೆ ತಿನ್ನುತ್ತಿತ್ತು. ಎತ್ತರದವರಿಗೇನು, ನಾಲ್ಕು ಕಿಲೋ ಹೆಚ್ಚಾದರೆ ಮೈಯಲ್ಲಿ ಎಲ್ಲೋ ಒಂದು ಕಡೆ ಅಡಗಿ ಕೂರುತ್ತದೆ. ಗಿಡ್ಡಗಿರುವವರ ಮೈಯಲ್ಲಿ ಅಡಗಲು ಜಾಗವೆಲ್ಲಿದೆ? ಬಂದದ್ದೆಲ್ಲ ಮುಂಬಾಗಿಲಲ್ಲೇ ಕೂರುತ್ತದೆ. ಪಕ್ಕದ ಮನೆಯ ಮುನಿಶಾಮಮ್ಮ ಮೊದಲ ಸಲ ನೋಡಿದಾಗ, “ಎತ್ತು ಎಂತಮ್ಮಾ ನೀದಿ?” ಎಂದು ತೆಲುಗಿನಲ್ಲಿ ಎತ್ತರ ಕೇಳಿದ್ದರು. ತುಮಕೂರಿನಿಂದ ಹೊಸದಾಗಿ ಬಂದಿದ್ದ ಧನುಶ್ರೀ, “ನಮ್ಮಪ್ಪ ಎತ್ತು ಮಾರ್ಬಿಟ್ರು ಕಣಮ್ಮ, ಈಗ ಟ್ರ್ಯಾಕ್ಟರೇ” ಎಂದಿದ್ದಳು. ಊರು ಇನ್ನೂ ಅದನ್ನು ಮರೆತಿಲ್ಲ.

ಅತ್ತೆ ತೂಕ ಕೇಳಿದ್ದಕ್ಕೆ ಕಾರಣವಿತ್ತು. ಹೋದ ಮಳೆಗಾಲದಲ್ಲಿ ಧನುಶ್ರೀಗೆ ಡೆಂಗ್ಯೂ ಬಂದು ಚಿಂತಾಮಣಿಯ ಆಸ್ಪತ್ರೆ ಸೇರಿದ್ದಾಗ ವರಲಕ್ಷ್ಮಮ್ಮ ಊರ ಆಂಜನೇಯನಿಗೆ ಹರಕೆ ಹೊತ್ತಿದ್ದರು. ಸೊಸೆ ಎದ್ದು ಓಡಾಡಿದರೆ ಅವಳ ತೂಕದಷ್ಟು ಟೊಮೆಟೊ ತುಲಾಭಾರ ಮಾಡಿಸಿ ಅನ್ನದಾನದ ಸಾರಿಗೆ ಕೊಡುತ್ತೇನೆ ಎಂದು. ಸೊಸೆ ಎದ್ದಳು. ಎದ್ದವಳಿಗೆ ಅತ್ತೆ ತುಪ್ಪ ಹಾಕಿದ ಮುದ್ದೆ, ನಾಟಿಕೋಳಿ ಸಾರು, ಅವರೆಕಾಳು ಉಪ್ಪಿಟ್ಟು, ಮತ್ತೆ ಮೇಲೆ ತುಪ್ಪ ಎಂದು ಉಪಚಾರ ಮಾಡಿದ್ದರಿಂದ ಕಡ್ಡಿಯಂತಾಗಿದ್ದ ಹುಡುಗಿ ಈಗ ಐವತ್ತೆಂಟು ಕಿಲೋ ತೂಗುತ್ತಿದ್ದಳು. ಈ ಐವತ್ತೆಂಟು ಅವಳನ್ನೂ, ಅವಳು ಗುಮಾಸ್ತೆಯಾಗಿದ್ದ ಚಿಂತಾಮಣಿಯ ಶಾಲೆಯ ಆಟದ ಕೋಣೆಯ ತೂಕದ ಯಂತ್ರವನ್ನೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ತುಲಾಭಾರದ ಶನಿವಾರ ಬಂತು. ಬೆಳಿಗ್ಗೆ ವರಲಕ್ಷ್ಮಮ್ಮ ಹೋಳಿಗೆಗೆ ಕಣಕ ನಾದುತ್ತಾ ಹೇಳಿದರು: “ಟೊಮೆಟೊ ಮಂಡಿ ವೆಂಕಟರವಣಪ್ಪಂಗೆ ಹೇಳ್ಬಿಟ್ಟಿದೀನಿ ಕಣಮ್ಮ. ನಲವತ್ತೈದು ಅಂದ್ಯಲ್ಲ, ಸರಿಯಾಗಿ ಮೂರು ಬಾಕ್ಸು. ಊರಿಗೆಲ್ಲ ಹೇಳಾಯ್ತು.”

ಈ ಸೀಮೆಯಲ್ಲಿ ಟೊಮೆಟೊ ಬೆಳೆಯುವವರ ಬಾಯಲ್ಲಿ ಕಿಲೋ ಲೆಕ್ಕ ಇಲ್ಲ, ಬಾಕ್ಸಿನ ಲೆಕ್ಕವೇ. ಬಾಕ್ಸ್ ಎಂದರೆ ಪ್ಲಾಸ್ಟಿಕ್ ಕ್ರೇಟು, ಕ್ರೇಟೆಂದರೆ ಹದಿನೈದು ಕೆ.ಜಿ. ಅದನ್ನು ಯಾರೂ ತೂಗಿ ನೋಡುವುದಿಲ್ಲ, ಸೂರ್ಯ ಮೂಡುವುದನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಧನುಶ್ರೀ ಕಾಫಿ ಲೋಟ ಕೆಳಗಿಟ್ಟಳು. “ಮೂರು ಬಾಕ್ಸು ಸಾಲ್ದೆ ಹೋದ್ರೆ ಅತ್ತೆ?”

“ಸಾಲ್ದೆ ಹೋದ್ರೆ ಮೇಲಿಂದ ಒಂದೊಂದೇ ಹಣ್ಣು ಹಾಕ್ತಾ ಹೋಗದು. ಎಲ್ಲಾರೂ ಸುತ್ತ ನಿಂತು ಎಣಿಸ್ತಾರೆ. ನೋಡಾಕೆ ಚೆಂದ ಇರ್ತದೆ.” ಅತ್ತೆ ಹಾಗೆನ್ನುವಾಗ ಅವರ ಕಣ್ಣಲ್ಲಿ ಏನೋ ಆಸೆ ಮಿನುಗಿತು. ಗಾಬರಿಯಲ್ಲಿದ್ದ ಸೊಸೆ ಅದನ್ನು ಗಮನಿಸಲಿಲ್ಲ.

ಅವಳಿಗೆ ಕಾಣುತ್ತಿದ್ದದ್ದು ಹದಿಮೂರು ಕಿಲೋ ಟೊಮೆಟೊ ಒಂದೊಂದಾಗಿ ತಕ್ಕಡಿಗೆ ಬೀಳುವುದು, ಮುನಿಶಾಮಮ್ಮ ಗಟ್ಟಿಯಾಗಿ ಎಣಿಸುವುದು. ಎತ್ತಿನ ಕತೆಯನ್ನೇ ಮರೆಯದ ಊರು ಇದನ್ನು ಮರೆತೀತೇ? ತಿಂಡಿ ಮುಟ್ಟದೆ, ಉಪವಾಸ ಎಂದು ಹೇಳಿ ಬಸ್ಸು ಹತ್ತಿದಳು.

ಶನಿವಾರ ಬೆಳಗಿನ ಶಾಲೆ. ವಿಜ್ಞಾನದ ಮೇಡಂ ಅಮೃತ ಅವಳ ಗೆಳತಿ. ವಿಷಯ ಕೇಳಿ ಮೊಬೈಲು ತೆಗೆದಳು.

“ನೋಡೇ, ನಿನ್ ಹೈಟಿಗೆ ನಲವತ್ತರಿಂದ ಐವತ್ತೆರಡರ ತನಕ ಎಷ್ಟಿದ್ರೂ ಸರಿಯಂತೆ. ನೀನು ಐವತ್ತು ಅಂತ ಇಟ್ಕೊ. ನಿಧಾನಕ್ಕೆ ಇಳಿಸ್ಕೊಬೋದು.”

“ಐವತ್ತು ಆಗಲ್ಲ ಕಣೇ.”

“ಯಾಕಾಗಲ್ಲ?”

“ಮೂರು ಬಾಕ್ಸ್ ಮೇಲೆ ಐದು ಕೆ.ಜಿ. ಉಳ್ಕೊಳತ್ತೆ.”

ಅಮೃತ ಮೊಬೈಲು ಕೆಳಗಿಟ್ಟಳು. “ನಾನು ಆರೋಗ್ಯದ ಮಾತಾಡ್ತಿದೀನಿ. ನೀನು ಮಂಡಿ ಮಾತಾಡ್ತಿದೀಯ.”

“ಹಂಗಾದ್ರೆ ಇವತ್ತು ಸಾಯಂಕಾಲಕ್ಕೆ ಹದಿಮೂರು ಕೆ.ಜಿ. ಇಳಿಯಕ್ಕೆ ಏನಾದ್ರೂ ಹೇಳು.”

“ವಿಜ್ಞಾನದಲ್ಲಿಲ್ಲ,” ಎಂದಳು ಅಮೃತ. ಆಮೇಲೆ ಗೆಳತಿಯ ಮುಖ ನೋಡಲಾರದೆ, “ಬಸ್ಸಲ್ಲಿ ಹೋಗ್ಬೇಡ. ನಡಿ. ಬೆವರು ಹೋದ್ರೆ ಅರ್ಧ ಕೆ.ಜಿ. ಆದ್ರೂ ಕಮ್ಮಿ ಆಗತ್ತೆ” ಎಂದಳು.

ಹೀಗೆ ಶಾಲೆ ಬಿಟ್ಟ ಮೇಲೆ ಧನುಶ್ರೀ ಊರಿನ ಕಡೆಗೆ ಮುರುಗಮಲ್ಲದ ರಸ್ತೆ ಹಿಡಿದಳು. ದರ್ಗಾಕ್ಕೆ ಹೋಗುವವರನ್ನು ತುಂಬಿಕೊಂಡ ಬಸ್ಸೊಂದು ಪಕ್ಕದಲ್ಲೇ ನಿಧಾನವಾಗಿ, ಕಂಡಕ್ಟರು ತಲೆ ಹೊರಗೆ ಹಾಕಿ, “ಬನ್ನಿ ಮೇಡಂ, ಜಾಗ ಐತೆ” ಎಂದ. ಅವಳು ಕೈಯಾಡಿಸಿ ಕಳಿಸಿದಳು. ಬಿಸಿಲು ಏರುತ್ತಿತ್ತು. ಹೊಟ್ಟೆ ಖಾಲಿಯಾದಂತೆಲ್ಲ ಲೋಕ ಮೆತ್ತಗಾಗುತ್ತ ಹೋಯಿತು. ದೂರದ ಅಂಬಾಜಿದುರ್ಗದ ಬೆಟ್ಟ ಬೆಲ್ಲದ ಅಚ್ಚಿನ ಹಾಗೆ ಕಂಡಿತು. ಹಿಪ್ಪುನೇರಳೆ ತೋಟಗಳ ಮೇಲೆ ಗಾಳಿ ಸುಮ್ಮನೆ ಕೈಯಾಡಿಸಿ ಹೋಗುತ್ತಿತ್ತು.

ಆಗ ಅವಳಿಗೆ ಮುಂದೆ ಒಬ್ಬಳು ಹೋಗುತ್ತಿರುವುದು ಕಾಣಿಸಿತು. ಅದೇ ಗಿಡ್ಡ ಹೆಂಗಸು, ಅದೇ ಜಡೆ, ತಾನುಟ್ಟ ಅದೇ ತಿಳಿಹಸಿರು ಸೀರೆ. ಆದರೆ ನೆಲಕ್ಕೆ ಕಾಲು ತಾಗಿಯೂ ತಾಗದ ಹಾಗೆ ನಡೆಯುತ್ತಿದ್ದಳು. ನಲವತ್ತೈದರ ಧನುಶ್ರೀ. ಐವತ್ತೆಂಟರ ಧನುಶ್ರೀಗೆ ಅವಳನ್ನು ಕಂಡು ಹೊಟ್ಟೆಕಿಚ್ಚಾಗಲಿಲ್ಲ, ಪ್ರೀತಿಯೇ ಬಂತು. “ಸ್ವಲ್ಪ ನಿಲ್ಲೇ, ಜೊತೇಲಿ ಹೋಗಣ” ಎಂದು ಕರೆದಳು. ಮುಂದಿನವಳು ತಿರುಗಿಯೂ ನೋಡಲಿಲ್ಲ.

“ಯಾರ್ನಮ್ಮಾ ಕರೀತಿದೀಯ?” ಎಂದು ಹುಣಸೆಮರದ ಕೆಳಗಿನಿಂದ ದನಿ ಬಂತು. ಮುನಿಶಾಮಮ್ಮ ಹೊಲದಿಂದ ಬಂದು ಕೂತು ಎಲೆಯಡಿಕೆ ಹಾಕುತ್ತಿದ್ದರು. “ಬಸ್ಸು ತಪ್ಪೋಯ್ತಾ?”

“ಇಲ್ಲ ಕಣಮ್ಮ, ಬೇಕೂಂತ್ಲೇ ನಡ್ಕೊಂಡ್ ಬಂದೆ.”

“ಚಿಂತಾಮಣಿಯಿಂದ?” ಮುನಿಶಾಮಮ್ಮ ಎದ್ದು ನಿಂತರು. “ಉಪವಾಸ ಬೇರೆ ಅಂತ ನಿಮ್ಮತ್ತೆ ಅಂದ್ರು. ಅಯ್ಯೋ ತಲ್ಲೀ, ತುಲಾಭಾರದ ಜೊತೆ ಪಾದಯಾತ್ರೆ ಹರಕೇನೂ ಹೊತ್ತಿದೀಯಾ? ಒಬ್ರಿಗೂ ಹೇಳಿಲ್ವಲ್ಲ.”

ಧನುಶ್ರೀ ಹೌದೆನ್ನಲಿಲ್ಲ, ಅಲ್ಲವೆನ್ನಲು ಉಸಿರು ಸಾಲಲಿಲ್ಲ. ಮುನಿಶಾಮಮ್ಮನ ಮೊಬೈಲು ಅಷ್ಟರಲ್ಲಿ ಕಿವಿಗೆ ಹೋಗಿತ್ತು.

ಊರ ಬಾಗಿಲಿಗೆ ಬರುವ ಹೊತ್ತಿಗೆ ಹೆಂಗಸರು ಕೊಡಪಾನ ಹಿಡಿದು ಸಾಲಾಗಿ ನಿಂತಿದ್ದರು. ಮೊದಲನೆಯವರು ಅವಳ ಕಾಲಿಗೆ ನೀರು ಹುಯ್ದರು. ಎರಡನೆಯವರು ಪಾನಕ ಕೊಟ್ಟರು. ಬೇಡವೆಂದರೆ, “ನಡ್ಕೊಂಡ್ ಬಂದೋರು ಇಲ್ಲ ಅನ್ಬಾರ್ದಮ್ಮ, ದೇವ್ರಿಗೆ ಕೊಟ್ಟಂಗೆ” ಎಂದರು. ಮೂರನೆಯವರು ಮಜ್ಜಿಗೆ, ಆಮೇಲೆ ಯಾರೋ ಕೋಸಂಬರಿ, ಇನ್ಯಾರೋ ಎಳನೀರು. ಬೀದಿಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ರಸ್ತೆಯಲ್ಲಿ ಸುರಿಸಿದ ಬೆವರೆಲ್ಲ ಬಡ್ಡಿ ಸಮೇತ ವಾಪಸು ಬಂದಿತ್ತು.

ಮನೆಯಲ್ಲಿ ಗಂಡ ಚಲಪತಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅವನು ಬೀಜ ಗೊಬ್ಬರದ ಅಂಗಡಿಯವನು, ಸ್ವಭಾವದಿಂದ ಶಾಂತ. ಧನುಶ್ರೀ ಬಾಗಿಲು ಹಾಕಿ ಎಲ್ಲ ಹೇಳಿದಳು, ಐವತ್ತೆಂಟನ್ನೂ ಹೇಳಿದಳು. ಹೇಳುತ್ತ ಅತ್ತಳು.

“ಅಷ್ಟಕ್ಕೆ ಅಳ್ತಾರಾ? ಟೊಮೆಟೊ ಕೆಳಗೆ ಒಂದೆರಡು ಕಲ್ಲು ಇಟ್ಬಿಟ್ರೆ ಆಯ್ತು. ನಾನು ನೋಡ್ಕೊತೀನಿ.”

“ದೇವರ ತಕ್ಕಡೀಲಾ? ಬೇಡ ರೀ. ಡೆಂಗ್ಯೂ ವಾಪಸ್ ಬಂದ್ರೆ?”

“ಹಂಗಾದ್ರೆ ನಿಜ ಹೇಳ್ಬಿಡು.”

“ಅದಕ್ಕಿಂತ ಡೆಂಗ್ಯೂನೇ ವಾಸಿ,” ಎಂದಳು ಧನುಶ್ರೀ ಮೂಗೊರೆಸಿಕೊಂಡು.

ಹಗುರವಾದ ನೂಲಿನ ಸೀರೆಯನ್ನು ಅವಳು ಎತ್ತಿಟ್ಟಿದ್ದಳು. ಅತ್ತೆ ಬಿಡಲಿಲ್ಲ. ಶಿಡ್ಲಘಟ್ಟದ ರೇಷ್ಮೆಯಿಂದ ನೇಯಿಸಿದ ತಮ್ಮ ಮದುವೆಯ ದೊಡ್ಡ ಜರಿಯ ಸೀರೆ ಉಡಿಸಿ, ಸೊಂಟಕ್ಕೆ ಡಾಬು ಕಟ್ಟಿ, ಎರಡೂ ಕೈಗೆ ಬಳೆ ತುಂಬಿದರು. ಒಂದೊಂದು ಒಡವೆ ಮೈಮೇಲೆ ಬಿದ್ದಾಗಲೂ ಧನುಶ್ರೀ ಮನಸ್ಸಿನಲ್ಲೇ ಕೂಡುತ್ತಿದ್ದಳು.

ಗುಡಿಯ ಮುಂದೆ ಮಂಡಿಯ ಹಳೆಯ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಪಕ್ಕದಲ್ಲಿ ಮೂರು ಬಾಕ್ಸು ಕೆಂಪಗೆ ಹೊಳೆಯುತ್ತಿದ್ದವು. ಧನುಶ್ರೀಯನ್ನು ಹೆದರಿಸಿದ್ದು ಅವಲ್ಲ. ಕಂಬದ ಹಿಂದೆ ಟವೆಲು ಮುಚ್ಚಿದ ನಾಲ್ಕನೆಯ ಬಾಕ್ಸೊಂದಿತ್ತು. ಹಾಗಾದರೆ ಅತ್ತೆಗೆ ಗೊತ್ತು.

ಅವಳು ಕಣ್ಣು ಮುಚ್ಚಿ ತಕ್ಕಡಿಯಲ್ಲಿ ಕೂತಳು. ತಟ್ಟೆ ದೊಪ್ಪೆಂದು ನೆಲಕ್ಕೆ ಕೂತಿತು. ಎದುರು ತಟ್ಟೆಗೆ ಒಂದು ಬಾಕ್ಸು ಹೋಯಿತು. ಏನೂ ಆಗಲಿಲ್ಲ. ಎರಡನೆಯದು ಹೋಯಿತು. ಸರಪಳಿ ಕಿರ್ರೆಂದಿತು. ಧನುಶ್ರೀ ಬೂರುಗದ ಹತ್ತಿಯನ್ನು ನೆನೆದಳು, ಕೈವಾರದ ಬೆಟ್ಟವನ್ನು ನೆನೆದಳು, ರಸ್ತೆಯಲ್ಲಿ ಮುಂದೆ ಹೋದವಳನ್ನು ನೆನೆದು, ‘ಒಂದು ಗಳಿಗೆ ಬಂದು ನನ್ನ ಬದಲು ಕೂತ್ಕೊಳೇ’ ಎಂದು ಬೇಡಿಕೊಂಡಳು. ಮೂರನೆಯದು ಹೋಯಿತು.

ಕೆಳಗಿನ ನೆಲ ಬಿಟ್ಟುಹೋಯಿತು. ಮೈ ಮೆಲ್ಲಗೆ ಮೇಲೆದ್ದು, ತೂಗಾಡಿ, ಗಾಳಿಯಲ್ಲಿ ನಿಂತಿತು. ಗಂಟೆ ಬಾರಿಸಿದರು. ಕಣ್ಣು ಬಿಟ್ಟರೆ ಮುಳ್ಳು ನಟ್ಟನಡುವೆ ನಿಂತಿದೆ. ಸರಿಯಾಗಿ ಮೂರು ಬಾಕ್ಸು. ಗುಂಪಿನಲ್ಲಿದ್ದ ಗಂಡನತ್ತ ನೋಡಿದಳು. ಅವನು ಬಾಯಿ ತೆರೆದುಕೊಂಡು ನಿಂತಿದ್ದ, ನಾನಲ್ಲ ಎಂದು ತಲೆಯಾಡಿಸಿದ. ಹಾಗಾದರೆ ದೇವರೇ. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ತಾನು ನಲವತ್ತೈದು. ಇಳಿಯಲು ಮನಸ್ಸೇ ಬಾರದೆ ತೇಲುತ್ತ ಕೂತಿದ್ದಳು.

ಅಷ್ಟರಲ್ಲಿ ಯಾರೋ ಬಿಕ್ಕುವುದು ಕೇಳಿಸಿತು. ವರಲಕ್ಷ್ಮಮ್ಮ ಸೆರಗು ಬಾಯಿಗೊತ್ತಿ ಅಳುತ್ತಿದ್ದರು.

“ಹುಡ್ಗಿ ಸಂಕೋಚಕ್ಕೆ ಕಮ್ಮಿ ಹೇಳಿರ್ತಾಳೆ ಅಂತ ನಾಲ್ಕನೇ ಬಾಕ್ಸು ಇಸ್ಕೊಂಡ್ ಬಂದಿದ್ದೆ ಕಣಪ್ಪ. ಇಷ್ಟು ತಿಂಗ್ಳು ಹಾಕಿದ ತುಪ್ಪ ಎಲ್ಲಿಗೋಯ್ತು?”

ಮುನಿಶಾಮಮ್ಮ ಗಲ್ಲಕ್ಕೆ ಬೆರಳಿಟ್ಟುಕೊಂಡರು. “ಮೂರೇ ಬಾಕ್ಸು. ಅತ್ತೆ ಊಟ ಹಾಕ್ತಾರೋ ಇಲ್ವೋ ಅಂತ ನೋಡಿದೋರು ಕೇಳಲ್ವಾ?”

ಆ ಮಾತು ವರಲಕ್ಷ್ಮಮ್ಮನಿಗೆ ನೇರವಾಗಿ ನಾಟಿತು. ಕಣ್ಣೊರೆಸಿಕೊಂಡು ದೇವರ ಕಡೆ ತಿರುಗಿ ಕೈಮುಗಿದರು. “ತಂದೆ ಆಂಜನೇಯ, ಇವತ್ತು ಎಲ್ಲಾರ ಮುಂದೆ ಹೇಳ್ತಿದೀನಿ. ಬರೋ ವರ್ಷ ಇದೇ ದಿನ ನನ್ ಸೊಸೆನ ನಾಲ್ಕು ಬಾಕ್ಸ್ ತೂಗಿಸ್ತೀನಿ. ತೂಗಲಿಲ್ಲ ಅಂದ್ರೆ ನಾನು ಈ ಊರಲ್ಲಿ ತಲೆ ಎತ್ತಿ ಓಡಾಡಲ್ಲ.”

ಊರೆಲ್ಲ ಭಕ್ತಿಯಿಂದ ಹೌದೆಂದಿತು. ಧನುಶ್ರೀ ತಕ್ಕಡಿಯಿಂದ ಇಳಿದಳು. ಇರಲಿ, ಹದಿನೈದು ಕೆ.ಜಿ. ಏರಬೇಕು, ಒಂದು ವರ್ಷವಿದೆ, ಅಷ್ಟರಲ್ಲಿ ಅತ್ತೆಯ ಮನಸ್ಸು ಬದಲಾಗಬಹುದು ಎಂದುಕೊಂಡಳು. ಆಗ ಮಂಡಿ ವೆಂಕಟರವಣಪ್ಪ ಬಾಕ್ಸು ಇಳಿಸುವ ನೆಪದಲ್ಲಿ ಹತ್ತಿರ ಬಂದು ದನಿ ತಗ್ಗಿಸಿದರು.

“ಒಂದು ಮಾತು ಹೇಳ್ತೀನಮ್ಮ, ಯಾರ್ಗೂ ಹೇಳ್ಬಾರ್ದು. ದೇವ್ರಿಗೆ ಕೊಟ್ಟಿದ್ದು ಹೇಳ್ಕೊಂಡ್ರೆ ಫಲ ಇಲ್ಲ. ಜನ್ಮವೆಲ್ಲ ಮಂಡೀಲಿ ಕೂತು ರೈತರ ತೂಕದಲ್ಲಿ ಸೂಟು ಅಂತ ಒಂದಿಷ್ಟು ಕಳೀತಾನೇ ಬಂದಿದೀನಿ. ಕೊಳೆತಿದ್ದಕ್ಕೆ ಇಷ್ಟು, ಒದ್ದೆ ಇದ್ದಿದ್ದಕ್ಕೆ ಇಷ್ಟು. ದೇವ್ರಿಗಾದ್ರೂ ಒಂದ್ಸಲ ಮೇಲೆ ಹಾಕಿ ಕೊಡಣ ಅಂತ ಬಾಕ್ಸಿಗೆ ಹದಿನೈದಲ್ಲ, ಇಪ್ಪತ್ತು ಒತ್ತಿ ತುಂಬ್ಸಿದೀನಿ.”

ಧನುಶ್ರೀ ಕೂಡಿ ನೋಡಿದಳು. ಅರವತ್ತು. ಬೆಳಗಿನಿಂದ ಉಪವಾಸವಿದ್ದು, ಚಿಂತಾಮಣಿಯಿಂದ ನಡೆದು, ಎರಡು ಕಿಲೋ ಹೆಚ್ಚಾಗಿದ್ದಳು.

“ಈ ಸೀರೆ, ಡಾಬು, ಬಳೆ ಎಲ್ಲ ಇದೆಯಲ್ಲ, ಅದಕ್ಕೆ ಸೂಟು ಕಳೀಬೋದಾ?” ಎಂದು ಮೆಲ್ಲಗೆ ಕೇಳಿದಳು.

“ದೇವರ ತೂಕಕ್ಕೆ ಸೂಟಿಲ್ಲಮ್ಮ,” ಎಂದರು ವೆಂಕಟರವಣಪ್ಪ ಗಂಭೀರವಾಗಿ. “ನೀವೇನೂ ಯೋಚ್ನೆ ಮಾಡ್ಬೇಡಿ. ಬರೋ ವರ್ಷದ ನಾಲ್ಕು ಬಾಕ್ಸೂ ನನ್ನದೇ. ಅವೂ ಇಪ್ಪತ್ತಿಪ್ಪತ್ತೇ.”

ನಾಲ್ಕು ಇಪ್ಪತ್ತು ಎಷ್ಟೆಂದು ಲೆಕ್ಕ ಹಾಕುವಾಗ ಧನುಶ್ರೀಗೆ ಕಣ್ಣು ಕತ್ತಲಿಟ್ಟಿತು. ದೂರದಲ್ಲಿ, ಗುಡಿಯ ಗೋಪುರಕ್ಕೂ ಆಚೆ, ತಿಳಿಹಸಿರು ಸೀರೆಯವಳು ಹಿಂತಿರುಗಿ ನೋಡದೆ ಬೆಟ್ಟದ ಕಡೆ ಹೋಗುತ್ತಿದ್ದಳು. ಇನ್ನು ಸುಮ್ಮನಿರುವುದು ಸಾಧ್ಯವಿಲ್ಲ. ಫಲ ಹೋದರೆ ಹೋಗಲಿ, ಊರು ನಕ್ಕರೆ ನಗಲಿ, ತಾನು ಅರವತ್ತು ಕಿಲೋ ಎಂದು ಎಲ್ಲರ ಮುಂದೆ ಕೂಗಿ ಹೇಳಿಬಿಡುವುದೆಂದು ತೀರ್ಮಾನಿಸಿದಳು. ಅತ್ತೆಯ ಕಡೆ ತಿರುಗಿ ಬಾಯಿ ದೊಡ್ಡದಾಗಿ ತೆರೆದಳು.

ಆ ಬಾಯಿಗೆ ವರಲಕ್ಷ್ಮಮ್ಮ ತುಪ್ಪದಲ್ಲಿ ಅದ್ದಿದ ಇಡೀ ಹೋಳಿಗೆಯನ್ನು ಮಡಿಸಿ ಇಟ್ಟರು.

“ಪಾಪ, ಹಸಿದಿದಾಳೆ,” ಎಂದರು ಮುನಿಶಾಮಮ್ಮ. “ಇನ್ನೊಂದು ಕೊಡಿ.”