ಖಾನಾಪುರದ ಎರಡನೆಯ ಪ್ರತಿ

ಕ್ಷಮಿಸುವವರು ದೊಡ್ಡವರು ಎನ್ನುತ್ತಾರೆ. ನನ್ನ ಅನುಭವದಲ್ಲಿ ಅವರಲ್ಲಿ ಮುಕ್ಕಾಲು ಪಾಲು ಬರೀ ಮರೆಗುಳಿಗಳು. ತಮ್ಮ ಜ್ಞಾಪಕಶಕ್ತಿಯ ದೌರ್ಬಲ್ಯಕ್ಕೆ ಔದಾರ್ಯದ ಶಾಲು ಹೊದಿಸಿಕೊಂಡು ಓಡಾಡುವವರು. ನನಗೆ ಆ ಸೌಕರ್ಯವಿಲ್ಲ. ಭೂಮಾಪನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದ ನನಗೆ ಯಾವ ಹೊಲದ ಬಾಂದುಕಲ್ಲು ಎಲ್ಲಿದೆ ಎಂಬುದು ಹೇಗೋ ಹಾಗೆಯೇ, ಯಾರು ಯಾವಾಗ ನನಗೆ ಏನೆಂದರು ಎಂಬುದೂ ನೆನಪಿರುತ್ತದೆ. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಮಾವನವರ ತಮ್ಮ ನನ್ನನ್ನು "ಈ ಕಡ್ಡಿಪೈಲವಾನ" ಎಂದಿದ್ದರು. ಮೂವತ್ತು ವರ್ಷಗಳ ಮೇಲೆ ಅವರ ಪಾರ್ಥಿವ ಶರೀರಕ್ಕೆ ಹಾರ ಹಾಕುವಾಗಲೂ ನಾನು ಮೊದಲು ನೆನೆದದ್ದು ಅದನ್ನೇ. ಇಂಥವನು ಕೃತಜ್ಞತೆಯ ಬಗ್ಗೆ ಬರೆಯಲು ಕುಳಿತರೆ ನಿಮಗೆ ನಗು ಬರಬಹುದು. ನಗಿರಿ, ಅದನ್ನೂ ನೆನಪಿಟ್ಟುಕೊಳ್ಳುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬೆಳಗಾವಿಯಲ್ಲಿ ನಾವು ಕೆಲವು ನಿವೃತ್ತರು ಸೇರಿ ರಕ್ತದಾನಿಗಳ ಸಣ್ಣ ಸಂಘವೊಂದನ್ನು ನಡೆಸುತ್ತಿದ್ದೆವು. ಫೌಂಡ್ರಿಯ ಮಾಲೀಕರೊಬ್ಬರು ತಮಗೆ ಹೊಸವು ಬಂದವೆಂದು ಹಳೆಯ ಎರಡು ಕಂಪ್ಯೂಟರುಗಳನ್ನು ನಮಗೆ ದಾನವಾಗಿ ಕಳಿಸಿದರು. ಎರಡೇಕೆ ಎಂದು ಎಲ್ಲರೂ ಕೇಳಿದರು. ನಾನು ಎದ್ದು ನಿಂತು ವಿವರಿಸಿದೆ: ರೋಗಿಗೆ ರಕ್ತ ಬೇಕಾದ ಹೊತ್ತಿಗೇ ಯಂತ್ರ ಮಲಗಿಬಿಟ್ಟರೆ? ಆದ್ದರಿಂದ ಒಂದು ಬೆಳಗಾವಿಯಲ್ಲಿರಲಿ, ಇನ್ನೊಂದು ಖಾನಾಪುರದಲ್ಲಿ. ಎರಡರಲ್ಲೂ ದಾನಿಗಳ ಒಂದೇ ಪಟ್ಟಿ. ಇಲ್ಲಿಯದು ಕೈಕೊಟ್ಟರೆ ಅಲ್ಲಿಯದು ಆ ಕ್ಷಣವೇ ಉತ್ತರ ಹೇಳಬೇಕು. ಪ್ರತಿ ಶನಿವಾರ ಇಲ್ಲಿಯ ಬದಲಾವಣೆಗಳನ್ನು ಒಂದು ಫ್ಲಾಪಿಯಲ್ಲಿ ತುಂಬಿ, ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿ, ಖಾನಾಪುರದ ಬಸ್ಸಿನ ಕಂಡಕ್ಟರರ ಕೈಗೆ ಕೊಡುವುದೆಂದು ತೀರ್ಮಾನವಾಯಿತು. ಎರಡನೆಯ ವಾರವೇ ಕಂಡಕ್ಟರರು ಅದನ್ನು ಎಂಜಿನ್ನಿನ ಮುಚ್ಚಳದ ಮೇಲಿಟ್ಟು ಹಪ್ಪಳ ಮಾಡಿದರು. ಅಲ್ಲಿಂದಾಚೆಗೆ ಫ್ಲಾಪಿಯ ಜೊತೆಗೆ ಕಾಗದದ ಮೇಲೊಂದು ಪ್ರತಿಯೂ ಹೋಗತೊಡಗಿತು.

ಈ ವ್ಯವಸ್ಥೆಗೆ ಹದಿನೇಳು ನಿಯಮಗಳನ್ನು ಬರೆದವನು ನಾನೇ. ಬೆಳಗಾವಿಯ ಪಟ್ಟಿಯೇ ಮೂಲ, ಖಾನಾಪುರ ಅದನ್ನು ಅನುಸರಿಸತಕ್ಕದ್ದು ಎಂಬುದು ಮೊದಲನೆಯದು. ಕಾರಣ ನಮೂದಿಸದ ಯಾವ ಬದಲಾವಣೆಯನ್ನೂ ಸ್ವೀಕರಿಸತಕ್ಕದ್ದಲ್ಲ ಎಂಬುದು ಒಂಬತ್ತನೆಯದು. ಖಾನಾಪುರದ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಶಾಲಿನಿತಾಯಿ ಎಂಬ ನಿವೃತ್ತ ನರ್ಸು. ಮನೆಮಾತು ಮರಾಠಿ, ಕನ್ನಡವನ್ನೂ ಇಂಜೆಕ್ಷನ್ನಿನಂತೆಯೇ ಚುಚ್ಚಿ ಆಡುತ್ತಿದ್ದರು.

ಆ ವರ್ಷ ವಡಗಾವಿಯಲ್ಲಿ ನಡೆದ ಶಿಬಿರದಲ್ಲಿ ನಾನು ರಕ್ತದಾನದ ಮಹತ್ವವನ್ನು ಕುರಿತು ಮಾತನಾಡುತ್ತಿದ್ದೆ. ಮುಕ್ಕಾಲು ಗಂಟೆಯಾಗಿರಬಹುದು, ಪೀಠಿಕೆ ಇನ್ನೂ ಮುಗಿದಿರಲಿಲ್ಲ. ಹಿಂದಿನ ಸಾಲಿನಿಂದ ಚನ್ನಪ್ಪನೆಂಬ ನೇಕಾರ, ತಿಳಿನೀಲಿ ಅಂಗಿ, ಎದ್ದು ಹೇಳಿದ: "ಶಿರಸ್ತೇದಾರ್ರ, ಮಾತಾಡಿ ನಮ್ಮ ರಕ್ತ ಕುಡೀಬ್ಯಾಡ್ರಿ. ಅದಕ್ಕ ಸೂಜಿ ಐತೆಲ್ಲ!"

ಅರವತ್ತು ಜನ ನಕ್ಕರು. ಡಾಕ್ಟರೂ ನಕ್ಕರು. ನೀಲಮ್ಮ, ಅಂದರೆ ನನ್ನ ಹೆಂಡತಿ, ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನೂ ನಾನು ನೋಡಿದೆ. ಮರುದಿನ ಚನ್ನಪ್ಪನ ಹೆಸರನ್ನು ಯಂತ್ರದಿಂದ ಅಳಿಸಿದೆ. ಶನಿವಾರದ ಕಾಗದದಲ್ಲಿ 'ತೆಗೆಯುವುದು' ಎಂದು ಬರೆದು, ಕಾರಣದ ಅಂಕಣವನ್ನು ಖಾಲಿ ಬಿಟ್ಟೆ. ಏನೆಂದು ಬರೆಯಲಿ? ಖಾನಾಪುರದಿಂದ 'ಕಾರಣ ಕಳಿಸಿರಿ' ಎಂದು ಒಂದರ ಹಿಂದೊಂದು ಮೂರು ಪತ್ರಗಳು ಬಂದವು. ನನ್ನ ನಿಯಮವನ್ನು ನನಗೇ ಕಲಿಸುವ ಈ ಉದ್ಧಟತನವನ್ನು ಶಾಲಿನಿತಾಯಿಯ ಹೆಸರಿನಲ್ಲಿ ಮನಸ್ಸಿನಲ್ಲೇ ದಾಖಲಿಸಿಕೊಂಡು, ಉತ್ತರ ಬರೆಯದೆ ಬಿಟ್ಟೆ.

ಮರುವರ್ಷ ನೀಲಮ್ಮನಿಗೆ ನೆಹರು ನಗರದ ಆಸ್ಪತ್ರೆಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ತಮ್ಮಲ್ಲಿದ್ದದ್ದು ಮುಗಿಯಿತು, ಸಂಜೆಯೊಳಗೆ ಸಿಗದಿದ್ದರೆ ಕಷ್ಟ ಎಂದರು. ನಾನು ಆಟೋ ಹಿಡಿದು ಸಂಘದ ಕೋಣೆಗೆ ಓಡಿದೆ. ಯಂತ್ರದ ಗುಂಡಿ ಒತ್ತಿದೆ. ಅದು ಒಮ್ಮೆ ಗೊರಗೊರ ಎಂದು, ಒಂದು ಹಸಿರು ಗೆರೆ ತೋರಿಸಿ, ಕಣ್ಣು ಮುಚ್ಚಿತು. ತಟ್ಟಿದೆ, ಬೈದೆ, ಬಸವಣ್ಣನನ್ನು ನೆನೆದೆ. ಕೊನೆಗೆ ಖಾನಾಪುರಕ್ಕೆ ಫೋನು ಹಚ್ಚಿದೆ.

"ಒಬ್ಬರ ಅದಾರ್ರಿ," ಎಂದರು ಶಾಲಿನಿತಾಯಿ. "ಚನ್ನಪ್ಪ, ವಡಗಾವಿ, ಮಗ್ಗದ ಮನಿ."

ಓದುಗರೇ, ನನ್ನ ಯೋಗ್ಯತೆಯನ್ನು ನೋಡಿ. ಅಲ್ಲಿ ಆಸ್ಪತ್ರೆಯಲ್ಲಿ ಹೆಂಡತಿಯ ಪ್ರಾಣ ತೂಗುತ್ತಿರುವಾಗ ನನ್ನ ಬಾಯಿಂದ ಹೊರಟ ಮೊದಲ ಮಾತು: "ಆ ಹೆಸರು ತೆಗೆಯಲು ಹೇಳಿದ್ದೆನಲ್ಲ!"

"ಹೇಳಿದ್ರಿ, ಖರೇ. ಕಾರಣ ಬರೀಲಿಲ್ಲ. ಒಂಬತ್ತನೇ ನಿಯಮ ಯಾರು ಬರದಾರ್ರಿ, ನಮ್ಮಪ್ಪನ? ಅಂವಾ ಸತ್ತಾನೋ, ಕಾಮಣಿ ಬ್ಯಾನಿ ಆಗೇತೋ, ಏನರ ತಿಳೀಬೇಕಲ್ಲ. ಈಗ ಹೇಳ್ರಿ, ತೆಗೀಲ್ಯಾ, ಇರಲ್ಯಾ?"

"ಇರಲಿ ತಾಯಿ," ಎಂದೆ. ಚನ್ನಪ್ಪನ ಮಾತು, ಅಂಗಿಯ ಬಣ್ಣ, ನಕ್ಕವರ ಲೆಕ್ಕ, ಎಲ್ಲವೂ ನನಗೆ ನೆನಪಿತ್ತು. ಅವನ ರಕ್ತದ ಗುಂಪೊಂದನ್ನು ಬಿಟ್ಟು.

ವಡಗಾವಿಯ ಓಣಿಯಲ್ಲಿ ಮಗ್ಗಗಳ ಸದ್ದಿನ ನಡುವೆ ನಾನು ಕೂಗಿ ಹೇಳಬೇಕಾಯಿತು. ಚನ್ನಪ್ಪ ಲಾಳಿಯನ್ನು ಬದಿಗಿಟ್ಟು, "ಯಾರಿಗ್ರಿ?" ಎಂದ. "ನಮ್ಮ ಮನೆಯವರಿಗೆ," ಎಂದೆ. "ಮತ್ತ ನಿಂತೀರ್ಯಾಕ? ನಡೀರಿ, ಹೋಗೂಣು!" ಎಂದವನು ನನಗಿಂತ ಮೊದಲು ಆಟೋದಲ್ಲಿ ಕುಳಿತಿದ್ದ. ನೀಲಮ್ಮ ಉಳಿದಳು. ಮುಂದಿನ ವಾರ ಯಂತ್ರ ದುರಸ್ತಿಯಾದಾಗ ಅದೇ ಗುಂಪನ್ನು ಕೇಳಿ ನೋಡಿದೆ; ನನ್ನ ಮೂಲ ಪಟ್ಟಿ 'ಯಾರೂ ಇಲ್ಲ' ಎಂದಿತು. ಆ ಮಧ್ಯಾಹ್ನ ಅದು ಸರಿಯಾಗಿದ್ದಿದ್ದರೆ ಆ ಉತ್ತರವನ್ನು ನಂಬಿ ನಾನು ಬೇರೆಲ್ಲಿಗೋ ಓಡುತ್ತಿದ್ದೆ. ಕೆಟ್ಟುಹೋದ ಯಂತ್ರಕ್ಕೆ ಕೈಮುಗಿದವನು ಆ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬನೇ. ಶಾಲಿನಿತಾಯಿಗೆ ಮೂರು ಪತ್ರಗಳಿಗೂ ಬೇರೆಬೇರೆಯಾಗಿ ಉತ್ತರ ಬರೆದೆ.

ನೀಲಮ್ಮ ಮನೆಗೆ ಬಂದ ಮೇಲೆ ಒಂದು ಡಬ್ಬಿ ಕುಂದಾ ಹಿಡಿದು ಚನ್ನಪ್ಪನ ಮನೆಗೆ ಹೋಗಿ, ನಾನು ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಅವನು ಬೆರಗಾಗಿ ಕೇಳಿದ: "ನಾ ಯಾವಾಗ ಹಂಗ ಅಂದೆನ್ರಿ?" ಶಿಬಿರ, ಸಾಲು, ತಿಳಿನೀಲಿ ಅಂಗಿ, ಎಲ್ಲವನ್ನೂ ಹೇಳಿದೆ. ಅವನು ತಲೆ ಕೆರೆದುಕೊಂಡು, "ಅಂದಿರಬೇಕ ಬಿಡ್ರಿ. ಕುಂದಾ ಭಾಳ ಚಲೋ ಐತಿ," ಎಂದ. ಡಾಕ್ಟರನ್ನು ಕೇಳಿದೆ, ನೆನಪಿಲ್ಲ ಎಂದರು. ನೀಲಮ್ಮನಂತೂ ತಾನು ಆ ಶಿಬಿರಕ್ಕೆ ಬಂದೇ ಇರಲಿಲ್ಲ ಎಂದು ವಾದಿಸಿದಳು.

ಅಂದರೆ ಆ ಅಪಮಾನ ಈಗ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು ಕಡೆ, ಎಪ್ಪತ್ತು ದಾಟಿದ ನನ್ನ ಈ ತಲೆಯಲ್ಲಿ. ಇದು ಕೆಟ್ಟರೆ ಉತ್ತರ ಹೇಳಲು ಇನ್ನೊಂದಿಲ್ಲ. ಚನ್ನಪ್ಪ ದೊಡ್ಡ ಮನುಷ್ಯ, ಅವನ ಋಣ ತೀರುವಂಥದ್ದಲ್ಲ. ಅದನ್ನು ಮನಸಾರೆ ಹೇಳುತ್ತೇನೆ. ಆದರೂ ವ್ಯವಸ್ಥೆ ಎಂದರೆ ವ್ಯವಸ್ಥೆ. ಆದ್ದರಿಂದ ಇದನ್ನೆಲ್ಲ ಬರೆದು, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟಿದ್ದೇನೆ.