ಸೋಲಾರು ಬಂದ್ ಆಗಿದೆ ಎಂದು ಓಣಿಗೆಲ್ಲ ನಂಬಿಸಿದ್ದು

ಮಾಳಿಗೆಯ ಮೇಲೆ ಸೋಲಾರು ಹಾಕಿಸಿದವನು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ನನ್ನಿಂದ ಅದಾಗಲಿಲ್ಲ. ಅಂಕಲಿಯ ನಮ್ಮ ಓಣಿಯಲ್ಲಿ, ಹಾಲಿನ ಡೇರಿಯಲ್ಲಿ, ಬಸದಿಯ ಮೆಟ್ಟಿಲ ಮೇಲೆ, ಸಿಕ್ಕವರಿಗೆಲ್ಲ "ಇನ್ನ ನಮ್ಮ ಮನ್ಯಾಗ ಕರೆಂಟ್ ಹೋಗೂದ ಇಲ್ರಿ" ಎಂದು ಹೇಳಿಬಿಟ್ಟೆ. ಊರಿನ ತಂತಿಯಲ್ಲಿ ಕರೆಂಟು ಹೋದರೆ ನಮ್ಮ ಸೋಲಾರೂ ತಾನಾಗಿ ನಿಲ್ಲುತ್ತದೆ, ಅದೇ ನಿಯಮ ಎಂದು ಕೂಡಿಸಲು ಬಂದವರು ತಿಳಿಸಿದ್ದರಂತೆ. ಆಗ ನಾನು ಪ್ಯಾನೆಲುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೆ.

ಮಗಳ ಮಾವ, ಬೇಡಕಿಹಾಳದ ಬೀಗರು, ಮೊದಲ ಸಲ ಊಟಕ್ಕೆ ಬಂದ ದಿನ ಮಧ್ಯಾಹ್ನವೇ ಕರೆಂಟು ಹೋಯಿತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲ. ಹೋಳಿಗೆಗೆ ಬೇಯಿಸಿದ ಬೇಳೆ ಮಿಕ್ಸರಿಗಾಗಿ ಕಾಯುತ್ತಿತ್ತು. ಇನ್ನು ಇದರ ಕೆಲಸವೇನು ಎಂದು ರುಬ್ಬುವ ಕಲ್ಲನ್ನು ನಾನೇ ಯಾರಿಗೋ ಕೊಟ್ಟಿದ್ದೆ. ಮೇಲೆ ಬಿಸಿಲು ಉರಿಯುತ್ತಿತ್ತು, ಕೆಳಗೆ ಹೆಂಡತಿ. "ಏನ್ರಿ, ಆ ಸೂರ್ಯಾಗ ಸ್ವಲ್ಪ ನಿಂದರಾಕ ಹೇಳ್ತೀರೇನ?" ಎಂದಳು.

ಇಳಿಹೊತ್ತಿಗೆ ಲೈನ್‌ಮನ್ ಬಸು ಬಂದ. ಕಂಬಕ್ಕೆ ಏಣಿ ಹಚ್ಚಿ ಅಲ್ಲೇ ನಿಂತ.

"ಕಾಕಾ, ಮೊದ್ಲ ನಿಮ್ಮ ಸೋಲಾರ ಬಂದ್ ಮಾಡ್ರಿ."

"ಅದ ಬಂದ್ ಆಗೇತೋ."

"ಡೇರ್ಯಾಗ ನೀವ ಹೇಳಿರಲ್ರಿ, ಹೋಗೂದ ಇಲ್ಲಂತ! ನಿಮ್ಮ ಕರೆಂಟ್ ಉಲ್ಟಾ ಕಂಬಕ್ಕ ಬಂತಂದ್ರ ನನ್ನ ಮಕ್ಕಳನ್ನ ನೀವ ಸಾಕ್ತೀರೇನ್ರಿ?"

ಆ ನಿಯಮ ಯಾರಿಗಾಗಿ ಇದೆ ಎಂಬುದು, ಏಣಿಯ ಬುಡದಲ್ಲಿ ನಿಂತ ಅವನ ಮುಖ ಕಂಡಾಗಲೇ ನನಗೆ ತಿಳಿದದ್ದು. ಅಷ್ಟರಲ್ಲಿ ಎದುರುಮನೆಯ ಗಂಗವ್ವ, "ಹೌದೋ ಬಸು, ಊರೆಲ್ಲ ಕತ್ತಲಿದ್ರೂ ಇವರ ಕಿಡಕ್ಯಾಗ ಬೆಳಕ ಇರತೈತಿ, ನಾ ನೋಡೇನಿ" ಎಂದು ಸಾಕ್ಷಿ ಹೇಳಿದಳು.

"ಅದು ಮೇಣಬತ್ತಿ ಬೇ!" ಎಂದು ಕೂಗಿದೆ. ಯಾರೂ ನಂಬಲಿಲ್ಲ.

ಕೊನೆಗೆ ಬಸುವನ್ನೂ ಓಣಿಯನ್ನೂ ಮನೆಯೊಳಗೆ ಕರೆದೆ. ಫ್ಯಾನಿನ ಗುಂಡಿ ಒತ್ತಿದೆ, ತಿರುಗಲಿಲ್ಲ. ಮಿಕ್ಸರು ಒತ್ತಿದೆ, ಗುರ್ರೆನ್ನಲಿಲ್ಲ. ಒಂದೊಂದು ಸೋಲನ್ನೂ ಎಲ್ಲರಿಗೂ ತೋರಿಸಿ ತೋರಿಸಿ ಮುಂದೆ ಹೋದೆ. ಆದರೂ ಬಸು ಹೊರಗಿನ ಸೋಲಾರಿನ ಸ್ವಿಚ್ಚನ್ನು ತಾನೇ ಇಳಿಸಿ, ಪೆಟ್ಟಿಗೆಗೆ ಕೀಲಿ ಹಾಕಿ, ತಂತಿಯನ್ನು ಪರೀಕ್ಷಿಸಿಯೇ ಏರಿದ. ಬೀಗರು ಮೀಸೆಯಲ್ಲೇ ನಕ್ಕು, "ನಿಮ್ಮನೀಗೂ ಹಾಕಸ್ರಿ ಅಂತ ನೀವ ನನಗ ಅಂದಿದ್ರಿ. ಹಾಕಸ್ತೀನ್ರಿ ಬೀಗ್ರ, ಆದ್ರ ಯಾರಿಗೂ ಹೇಳೂದಿಲ್ಲ" ಎಂದರು.

ಕರೆಂಟು ಬಂತು. ಮಿಕ್ಸರು ತಿರುಗಿತು, ಹೋಳಿಗೆ ಬೆಂದವು. ಬೀಗರು ಒಂದು ಕಣ್ಣು ಎಲೆಯ ಮೇಲೆ, ಇನ್ನೊಂದು ಪಡುವಣದ ಕಿಟಕಿಯ ಮೇಲೆ ಇಟ್ಟು ಉಂಡರು. "ಇನ್ನೊಂದ ಹಾಕಸ್ಕೋರಿ" ಎಂದು ತುಪ್ಪದ ಗಿಂಡಿ ಹಿಡಿದು ಓಡಾಡಿದವನು ನಾನು. ಅವರು ಕೈ ತೊಳೆದು ಏಳುವುದಕ್ಕೂ ಸೂರ್ಯ ಕಬ್ಬಿನ ಹೊಲದಾಚೆ ಇಳಿಯುವುದಕ್ಕೂ ಸರಿಹೋಯಿತು. ಹೆಂಡತಿ ಒಲೆಯ ಪಕ್ಕದಲ್ಲೇ ತನ್ನ ಊಟ ಮುಗಿಸಿಕೊಂಡಿದ್ದಳು. ನನ್ನ ಪಾಲಿನ ಹೋಳಿಗೆಗಳು ತಟ್ಟೆಯಲ್ಲಿದ್ದವು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಹಳ ಚೆನ್ನಾಗಿ ಕಾಣುತ್ತಿದ್ದವು.