ಸಿಟ್ಟು ಯಾರ ಕೈಲೆ ಅಳೀತೀರಿ?

ನಮ್ಮ ಅತ್ತಿಯ ಮುಂದೆ ನೀವು ಹತ್ತು ನಿಮಿಷ ಕೂತರೆ ಸಾಕು, ನಿಮ್ಮ ಸ್ವಭಾವಕ್ಕೆ ಮಾರ್ಕು ಬಿದ್ದೇ ಬಿಡುತ್ತದೆ! ಚಹಾ ಏನಿದ್ದರೂ ಆಮೇಲೆ. ಅತ್ತಿ ಅಂದರೆ ಅಪ್ಪನ ಅಕ್ಕ. ಗೋಕಾಕದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತಳಾದಾಕೆ. ಕಾಲೇಜು ಅವಳನ್ನು ಬಿಟ್ಟಿತು, ಅವಳು ಪ್ರಶ್ನಾವಳಿ ಬಿಡಲಿಲ್ಲ. ಚೀಲದಲ್ಲಿ ಸದಾ ನಲವತ್ತು ಪ್ರಶ್ನೆಗಳ ಕಟ್ಟು. ಪ್ರತಿಯೊಂದಕ್ಕೂ ಒಂದರಿಂದ ಐದರೊಳಗೆ ಒಂದು ಅಂಕಿ ಬರೆಯಬೇಕು; ಒಂದು ಅಂದರೆ ಇಲ್ಲವೇ ಇಲ್ಲ, ಐದು ಅಂದರೆ ಪೂರ್ತಿ ಹೌದು. ಒಮ್ಮೆ ಅದನ್ನು ಬರೆದುಕೊಟ್ಟ ಕರೆಂಟ್ ಬಿಲ್ಲಿನವ ಈಗ ಬಾಗಿಲ ಸಂದಿಯಲ್ಲಿ ಬಿಲ್ಲು ತುರುಕಿ ಓಡುತ್ತಾನೆ!

ನನ್ನನ್ನು ನೋಡಲು ಸಂಕೇಶ್ವರದಿಂದ ವರ ಬಂದಾಗ ಏನಾಯಿತು ಗೊತ್ತೇ? ಉಪ್ಪಿಟ್ಟಿಗಿಂತ ಮೊದಲೇ ಅವನ ಕೈಗೆ ಕಾಗದ ಬಂತು. ಪಾಪ, ಬೆವರುತ್ತ ಬರೆದ. ‘ನಾನು ಶಾಂತ ಸ್ವಭಾವದವ’ ಎಂಬುದಕ್ಕೆ ಐದು. ‘ನನಗೆ ಬೇಗ ಸಿಟ್ಟು ಬರುತ್ತದೆ’ ಎಂಬುದಕ್ಕೂ ಐದು!

ಅತ್ತಿ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು: “ಇದು ಸ್ವಭಾವ ಅಲ್ಲ. ಏನ್ ಕೇಳಿದ್ರೂ ಹೂಂ ಅನ್ನೂ ಚಟ!”

ಅವ್ವ ಸೌಟು ಕೆಳಗಿಟ್ಟಳು. “ಅಕ್ಕಾರ, ಗಂಡ ಆಗಾಕ ಮತ್ತೇನ್ ಬೇಕ್ರಿ?”

ಮದುವೆ ಆಯಿತು.

ಅತ್ತಿಯನ್ನು ಸೋಲಿಸಿದ್ದು ಮಮದಾಪುರದ ಒಬ್ಬ ಕುರುಬ ಅಜ್ಜ. ನಾನೂ ಜೊತೆಗಿದ್ದೆ. ಹೊಲದ ಬದುವಿನ ಮೇಲೆ ಕೂತಿದ್ದ ಅಜ್ಜನಿಗೆ ಓದು ಬಾರದು; ಅತ್ತಿಯೇ ಕೇಳಿದಳು.

“ಸಾಮಾನ್ಯವಾಗಿ ನಿಮಗ ಸಿಟ್ಟು ಎಷ್ಟು ಬರತೈತ್ರಿ?”

“ಯಾರ ಮ್ಯಾಲ್ರಿ ಬಾಯಾರ?”

“ಯಾರ ಮ್ಯಾಲಂತಲ್ಲ. ಸಾಮಾನ್ಯವಾಗಿ!”

“ಸಾಮಾನ್ಯ ಅನ್ನಾವ ನಮ್ಮೂರಾಗ ಯಾರೂ ಇಲ್ರಿ.”

ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಕೊನೆಗೆ ಅಜ್ಜ ನಾಲ್ಕು ಕೊಟ್ಟ. ಪಕ್ಕದಲ್ಲೇ ಕೂತಿದ್ದ ಅವನ ಹೆಂಡತಿಯೂ ನಾಲ್ಕು ಕೊಟ್ಟಳು. “ಹಂಗಾರ ಇಬ್ಬರದೂ ಸಮ!” ಎಂದಳು ಅತ್ತಿ.

ಅಜ್ಜ ಹೆಗಲ ಕಂಬಳಿ ತೆಗೆದ. “ಇದು ನನ್ನ ಕೈಲೆ ಆರು ಮೊಳ, ಆಕಿ ಕೈಲೆ ಏಳು. ಸಿಟ್ಟು ಯಾರ ಕೈಲೆ ಅಳೀತೀರಿ?”

ಅತ್ತಿ ಪ್ರಶ್ನೆಗಳ ಕಟ್ಟನ್ನು ಚೀಲಕ್ಕೆ ತುರುಕಿ ಎದ್ದಳು. ಬಸ್ಸಿನಲ್ಲಿ ಕಂಡಕ್ಟರ್ “ಎಲ್ಲಿಗ್ರಿ?” ಅಂದರೆ, “ಖರೆ, ಯಾರ ಕೈಲೆ?” ಅಂದಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಮತ್ತೆ ಹಾಲಿನವನನ್ನು ಹಿಡಿದಳು, ಆ ಮಾತು ಬೇರೆ.

ಹೋದ ವರ್ಷ ಅವ್ವ ತೀರಿಕೊಂಡಳು. ಬಂದವರೆಲ್ಲ ಸಮಾಧಾನ ಹೇಳಿ ಹೋದರು. ನನಗೆ ಅಳುವೇ ಬರಲಿಲ್ಲ. ಅತ್ತಿ ಬಂದು ಪಕ್ಕದಲ್ಲಿ ಕೂತಳು. ಇನ್ನು ದುಃಖಕ್ಕೂ ಮಾರ್ಕು ಕೇಳುತ್ತಾಳೆಂದು ನಾನೇ, “ಐದು ಬರಕೋ ಅತ್ತಿ” ಎಂದೆ.

ಅವಳು ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. “ಬರಿಯಾಕ ಬಂದಿಲ್ಲ ಯವ್ವಾ. ನಿಮ್ಮವ್ವ ನಿನಗ ಏನೇನ್ ಮಾಡಿ ಹಾಕತಿದ್ಲು, ಹೇಳು.”

“ಜುಣಕದ ವಡಿ” ಎಂದೆ. ಅಷ್ಟೇ. ನನಗಿಂತ ಮೊದಲು ಅತ್ತಿಯೇ ಅತ್ತಳು.